ನಿದ್ದೆ ಸಂಘದಲ್ಲಿ ನನಗೆ ಬಂದ ಮಾರ್ಕ್ಸು

ಹೆತ್ತೂರು ಕಡೆಯ ಒಂದು ಎಸ್ಟೇಟಿನಲ್ಲಿ ನಲವತ್ತು ವರ್ಷ ಕಾಫಿ ಕಣ ಕಾದವನು ನಾನು. ಹಗಲೆಲ್ಲಾ ಒಣಗೋ ಕಾಫಿ ಮುಂದೆ ಕೂತು ಒಂದು ದಿನಕ್ಕೂ ಕಣ್ಣು ಮುಚ್ಚಿದವನಲ್ಲ. ಒಂದು ಕೋಳಿ ಕಾಲಿಟ್ಟಿಲ್ಲ, ಒಂದು ದನ ಮೂತಿ ಹಾಕಿಲ್ಲ. ಬೇಕಾದ್ರೆ ಕೇಳಿ ನೋಡಿ ಅನ್ನೋಣ ಅಂದ್ರೆ ಧಣಿ ಹೋದ್ರು, ಲೆಕ್ಕ ಬರೀತಿದ್ದ ರೈಟರ್ ಹೋದ್ರು, ಜೊತೆಗಿದ್ದ ಕರಿ ನಾಯೀನೂ ಹೋಯ್ತು. ಇಂಥಾ ನನ್ನನ್ನೇ ಹುಡುಕ್ಕೊಂಡು ನಿದ್ದೆ ಫಜೀತಿಗಳು ಒಂದಾದ ಮೇಲೊಂದು ಬರ್ತಾವೆ. ನಾನು ಹೇಳ್ತೀನಿ, ಮೊಮ್ಮಗಳು ಬರ್ಕೋತಾಳೆ. ನನಗೆ ಅಕ್ಷರ ಬರಲ್ಲ, ತಪ್ಪಿದ್ರೆ ಅವಳದ್ದು.

೧. ಮೇಷ್ಟ್ರಿಲ್ಲದ ಪಾಠ

ಈ ಮೊಮ್ಮಗಳು ಡಾಕ್ಟರಿಕೆ ಓದೋಳು. ರಜೆಗೆ ನಮ್ಮೂರು ಮಗ್ಗೆಗೆ ಬಂದವಳು, "ತಾತ, ನಾವು ಓದೋರೇ ಸೇರ್ಕೊಂಡು ಕಾಲೇಜಲ್ಲಿ ನಿದ್ದೆ ಸಂಘ ಕಟ್ಟಿದೀವಿ" ಅಂದಳು.

ಹಾಲಿನ ಸಂಘ ಗೊತ್ತು, ಹೆಂಗಸರ ಸಂಘ ಗೊತ್ತು. ಇದ್ಯಾವುದೋ ತಿಳೀಲಿಲ್ಲ.

"ಅಲ್ಲಿ ಹೋಗಿ ಗೊರಕೆ ಹೊಡೀತೀರೇನವ್ವ?"

"ಇಲ್ಲ ತಾತ, ನಿದ್ದೆ ಕಾಯಿಲೆಗಳ ಬಗ್ಗೆ ಕಲೀತೀವಿ. ನಮ್ಮ ಪಾಠದಲ್ಲಿ ಅದು ಇರೋದೇ ಚೂರು."

"ಕಲಿಸೋರು ಯಾರು?"

"ನಾವೇ. ಒಬ್ರಿಗೊಬ್ರು."

"ನಿಮಗೆ ಗೊತ್ತೈತಾ?"

"ಇಲ್ಲ, ಅದಕ್ಕೇ ತಾನೇ ಕಲಿಯೋದು."

ಗೊತ್ತಿಲ್ಲದೋರು ಗೊತ್ತಿಲ್ಲದೋರಿಗೆ ಕಲಿಸೋದಾದ್ರೆ ನಾನು ಇಷ್ಟೊತ್ತಿಗೆ ದೊಡ್ಡ ಮೇಷ್ಟ್ರಾಗಿರ್ತಿದ್ದೆ.

೨. ಪೂರ್ತಿ ಮಾರ್ಕ್ಸು

ಅವಳಿಗೊಂದು ಚಿಂತೆ ಇತ್ತು. ಮೊದಲನೇ ಸಭೆಗೆ ನಿಜವಾದ ರೋಗೀನ ಕರ್ಕೊಂಡು ಬರದಿದ್ರೆ ಕೊಠಡಿ ಕೊಡಲ್ಲ, ಸಂಘ ಮುಚ್ಚಿ ಅಂದಿದ್ರಂತೆ ಅವರ ಮೇಡಂ. ಕೈ ಪಳಗಲಿ ಅಂತ ನನ್ನ ಮುಂದೆ ಕಾಗದ ಹಿಡ್ಕೊಂಡು ಕೂತಳು. ಎಂಟು ಪ್ರಶ್ನೆ. ಎಲ್ಲೆಲ್ಲಿ ಕೂತ್ರೆ ಎಷ್ಟು ತೂಕಡಿಕೆ ಬರುತ್ತೆ ಅಂತ ಹೇಳಬೇಕು. ಒಂದೊಂದಕ್ಕೆ ಸೊನ್ನೆಯಿಂದ ಮೂರು ಮಾರ್ಕ್ಸು.

"ಸುಮ್ನೆ ಒಂದು ಕಡೆ ಕೂತ್ರೆ?"

"ಮೂರು ಹಾಕು."

"ಟೀವಿ ಮುಂದೆ?"

"ಮೂರು."

"ಬಸ್ಸಲ್ಲಿ?"

"ಸಕಲೇಶಪುರದಲ್ಲಿ ಹತ್ತಿ ಆಲೂರಲ್ಲಿ ಇಳೀಬೇಕಾದೋನು ಹಾಸನದ ಸ್ಟ್ಯಾಂಡಲ್ಲಿ ಎದ್ದಿದೀನಿ ಕಣವ್ವ. ನಾಲ್ಕು ಹಾಕಕ್ಕೆ ಆಯ್ತದಾ ನೋಡು."

ಜೀವಮಾನದ ಮೊದಲ್ನೇ ಪರೀಕ್ಷೆ, ಇಪ್ಪತ್ನಾಲ್ಕಕ್ಕೆ ಇಪ್ಪತ್ನಾಲ್ಕು. ಅಡುಗೆಮನೆಯಿಂದ ಸೊಸೆ, "ಮಾವ ಇವತ್ತೊಂದು ದಿನ ನಿಜ ಹೇಳವ್ರೆ" ಅಂದಳು. ಮೊಮ್ಮಗಳು ಮಾತ್ರ ಕಾಗದ ನೋಡಿ, "ತಾತ, ಇದರಲ್ಲಿ ಜಾಸ್ತಿ ಬಂದ್ರೆ ಕಾಯಿಲೆ ಅಂತ ಅರ್ಥ. ಸೊನ್ನೆ ಬಂದ್ರೆ ಒಳ್ಳೇದು" ಅಂದಳು. ಆಮೇಲೆ ಅವಳ ಮುಖ ಅರಳ್ತು. "ರೋಗಿ ಸಿಕ್ಬುಟ್ರು."

ಸೊನ್ನೆ ಬಂದೋನೇ ಜಾಣ ಅನ್ನೋ ಇಂಥಾ ಪರೀಕ್ಷೆ ನಮ್ಮ ಕಾಲದಲ್ಲಿ ಇದ್ದಿದ್ರೆ ಊರಿಗೆ ಊರೇ ಡಾಕ್ಟರಾಗ್ತಿತ್ತು.

೩. ಪದಾಧಿಕಾರಿಗಳು

ಸಭೆ ದಿನ ಬಿಳೀ ಪಂಚೆ ಉಟ್ಕೊಂಡು ಅವಳ ಕಾಲೇಜಿಗೆ ಹೋದೆ. ಮುಂದಿನ ಬೆಂಚಲ್ಲಿ ನಾಲ್ಕು ಜನ ತಲೆ ಇಟ್ಟು ಮಲಗವ್ರೆ, ಒಬ್ಬನ ಜೊಲ್ಲು ಪುಸ್ತಕದ ಮೇಲೆ ಹರೀತೈತೆ.

"ಪಾಪ, ಇವರೂ ನನ್ನಂಗೇ ರೋಗಿಗಳಾ?" ಅಂದೆ.

"ಅಲ್ಲ ತಾತ. ಆಸ್ಪತ್ರೇಲಿ ರಾತ್ರಿ ಡ್ಯೂಟಿ ಮುಗಿಸಿ ಬಂದವ್ರೆ. ಇವರೇ ಸಂಘದ ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ, ಸಂಚಾಲಕರು."

೪. ಕಣದ ಸಾಕ್ಷಿ

ಮೇಡಂ ಕಾಗದ ಓದಿ ತಲೆ ಆಡಿಸಿದ್ರು. ಕೊಠಡಿ ಸಿಕ್ಕಂಗೇ ಇತ್ತು. ಆದ್ರೆ ಅಷ್ಟು ಜನ ನನ್ನನ್ನೇ ನೋಡ್ತಾ ಕೂತವ್ರೆ. ಬಾಯಿ ಸುಮ್ನಿರುತ್ತಾ? ನಲವತ್ತು ವರ್ಷ ಕಣ್ಣು ಮುಚ್ಚದೆ ಕಣ ಕಾದ ಕಥೆ ಬಿಚ್ಚಿದೆ. ಕೋಳಿ, ದನ, ಎಲ್ಲಾ ಬಂತು. ಒಂದು ಆನೇನೂ ಸೇರಿಸಿದೆ.

ಜೊಲ್ಲು ಸುರಿಸ್ತಿದ್ದ ಅಧ್ಯಕ್ಷ ತಲೆ ಎತ್ತಿದ. "ತಾತ, ಕಣ ಕಾಯೋದಂದ್ರೆ ಸುಮ್ನೆ ಕೂರೋದಲ್ವಾ? ಸುಮ್ನೆ ಕೂತ್ರೆ ಮೂರು ಅಂತ ಬರೆಸಿದೀರ."

ಮೇಡಂ ಕನ್ನಡಕ ತೆಗೆದ್ರು. "ಒಂದೋ ಕಣ ಸುಳ್ಳು, ಇಲ್ಲಾ ಕಾಗದ ಸುಳ್ಳು. ಕಾಗದ ಸುಳ್ಳಾದ್ರೆ ರೋಗಿ ಇಲ್ಲ. ರೋಗಿ ಇಲ್ಲದಿದ್ರೆ ಕೊಠಡೀನೂ ಇಲ್ಲ."

ಮೊಮ್ಮಗಳು ನನ್ನ ಮುಖಾನೇ ನೋಡ್ತಾ ನಿಂತಿದ್ಲು.

ನಾನು ಭುಜ ಕುಣಿಸಿದೆ. "ಕಾಗದ ನಿಜ ಅಂತ ಬರ್ಕೊಳ್ಳಿ ಮೇಡಂ. ಕಣ ಕಾಯ್ತಿದ್ದದ್ದು ಕರಿ ನಾಯಿ. ಅದಕ್ಕೆ ಬೇಜಾರಾಗದಿರ್ಲಿ ಅಂತ ನಾನು ಪಕ್ಕದಲ್ಲಿ ಮಲಗಿರ್ತಿದ್ದೆ."