ಟವೆಲ್ ಹಾಕಿದ ಸೀಟು

ನಮ್ಮ ಮಾಮ ಪುಸ್ತಕ ಓದಿದ್ದನ್ನು ಈ ಭೂಮಿಯ ಮೇಲೆ ಕಂಡವರಿಲ್ಲ! ಮದುವೆಯ ಕಾರ್ಡನ್ನು ಕೂಡ ಊಟದ ಹೊತ್ತು ಎಷ್ಟು ಎಂದು ನೋಡಿ ಮಡಚಿಡುವ ಪೈಕಿ ಅವರು. ಅಂಥವರು ದೇವದುರ್ಗದ ತಮ್ಮ ಓಣಿಯ ಸಣ್ಣ ಗ್ರಂಥಾಲಯಕ್ಕೆ ‘ಗೆಳೆಯರ ಬಳಗ’ ಕಟ್ಟಿ, ತಾವೇ ಅಧ್ಯಕ್ಷರಾದರು ಎಂದು ಕೇಳಿದಾಗ ರಾಯಚೂರಿನಲ್ಲಿ ಕೂತ ನನಗೆ ಗೊಂದಲ ಶುರುವಾಯಿತು. ಅದು ಇನ್ನೂ ಪೂರ್ತಿ ಬಗೆಹರಿದಿಲ್ಲ.

ಮಾಮ ಜೀವಮಾನವೆಲ್ಲ ಬಸ್ ಕಂಡಕ್ಟರ್. ನಿವೃತ್ತರಾದರೂ ಸೀಟಿ ಇನ್ನೂ ಕೊರಳಲ್ಲೇ ಇದೆ. ಮನೆಯಲ್ಲಿ ಮೊಮ್ಮಕ್ಕಳ ಸ್ನಾನಕ್ಕೆ ಒಂದು ಸಲ ಊದುತ್ತಾರೆ, ಊಟಕ್ಕೆ ಎರಡು ಸಲ. ಬಳಗದ ನಿಯಮವನ್ನೂ ಅವರೇ ಮಾಡಿದರು: ಯಾರಿಗೆ ಯಾವ ಕೆಲಸ ಗೊತ್ತೋ ಅದನ್ನೇ ಗ್ರಂಥಾಲಯಕ್ಕೆ ದಾನ ಮಾಡಬೇಕು. ಓಣಿಯ ಟೇಲರ್ ಉಳಿದ ಕುಪ್ಪಸದ ಬಟ್ಟೆಗಳನ್ನು ತಂದು ಹರಿದ ಪುಸ್ತಕಗಳಿಗೆಲ್ಲ ಹೊದಿಕೆ ಹೊಲಿದ. ಎಷ್ಟು ಚೆಂದ! ಆದರೆ ಮೇಲೆ ಪುಸ್ತಕದ ಹೆಸರು ಬರೆಯುವುದನ್ನು ಮರೆತ. ಈಗ ಅಲ್ಲಿಗೆ ಬಂದವರು ಕೇಳುವುದು ಹೀಗೆ: “ಆ ಹಳದಿ ಜರಿ ಅಂಚಿಂದು ಎರಡನೇ ಭಾಗ ಅದೇನ್ರಿ?”

ಇನ್ನು ಮಾಮ ಏನು ದಾನ ಮಾಡಬೇಕು? ಟಿಕೆಟ್ ಹರಿಯುವುದು ಬಿಟ್ಟು ಅವರಿಗೆ ಗೊತ್ತಿದ್ದದ್ದು ಒಂದೇ, ಜನರನ್ನು ಕೂರಿಸುವುದು. ಒಂದು ದಿನ ರಾಯಚೂರಿಗೆ ಬಂದು ನನ್ನನ್ನು ಗುಜರಿ ಅಂಗಡಿಗೆ ಕರೆದೊಯ್ದರು. ಅಂಗಡಿಯವ ಅವರ ಹಳೆಯ ಪ್ರಯಾಣಿಕ. ಮುರಿದು ಹಾಕಿದ ಬಸ್ಸೊಂದರ ಎಂಟು ಸೀಟುಗಳನ್ನು ಪುಕ್ಕಟೆ ಕೊಟ್ಟ. ಮಾಮ ಒಂದೊಂದರ ಮೇಲೂ ಕೂತು, ಕುಪ್ಪಳಿಸಿ, ಮೊಣಕಾಲು ಚಾಚಿ ಪರೀಕ್ಷೆ ಮಾಡಿದರು.

“ಮಾಮಾ, ಲೈಬ್ರರಿಗೆ ಬಸ್ಸಿನ ಸೀಟು ಯಾಕ್ರಿ?”

“ಯಾಕಂದ್ರ? ಕುಂದ್ರಾಕ!”

ನನಗೇನೂ ತಿಳಿಯಲಿಲ್ಲ. ಸೀಟುಗಳನ್ನು ಟಂಟಂ ಆಟೋದಲ್ಲಿ ಹೇರಿಕೊಂಡು ಹೊರಟೆವು. ದಾರಿಯಲ್ಲಿ ಯಾರೋ ಇಬ್ಬರು ಕೈ ಮಾಡಿದರು. ಹಿಂದೆ ಸೀಟಿನ ಮೇಲೆ ಕೂತಿದ್ದ ಮಾಮ ಅಭ್ಯಾಸಬಲದಿಂದ ಸೀಟಿ ಊದಿಯೇಬಿಟ್ಟರು, ಗಾಡಿ ನಿಂತೇಬಿಟ್ಟಿತು. ದೇವದುರ್ಗ ಮುಟ್ಟುವ ಹೊತ್ತಿಗೆ ಗ್ರಂಥಾಲಯದ ಸೀಟುಗಳ ಮೇಲೆ ಐದು ಮಂದಿ ಮತ್ತು ಒಂದು ಆಡು!

ಮನೆಯಲ್ಲಿ ಅತ್ತೆ ಹಣೆ ಚಚ್ಚಿಕೊಂಡರು. ಅತ್ತೆ ಮಾನ್ವಿಯವರು, ಮಾತಿನಲ್ಲಿ ಚೂಟಿ, ಮೊಣಕಾಲು ಮಾತ್ರ ಸೋತಿವೆ. “ಈ ಗುಜರಿ ಮ್ಯಾಲ ಯಾರು ಕುಂದ್ರತಾರವ್ವಾ?” ಎಂದು ನನ್ನನ್ನೇ ಕೇಳಿದರು. ಬಳಗದ ಮೊದಲ ದಿನ ಮಾಮನ ಒತ್ತಾಯಕ್ಕೆ ಅತ್ತೆ ಒಮ್ಮೆ ಅಲ್ಲಿಗೆ ಹೋಗಿ, ಹತ್ತೇ ನಿಮಿಷಕ್ಕೆ ತಿರುಗಿ ಬಂದಿದ್ದರಂತೆ.

ಸೀಟುಗಳು ಎರಡೆರಡರಂತೆ ನಾಲ್ಕು ಸಾಲಾಗಿ ಕೂತವು. ಮಾಮ ಗೋಡೆಗೆ ‘ಮಹಿಳೆಯರಿಗೆ’ ಎಂದು ಬರೆಸಿದರು. ಕಿಟಕಿಯ ಕೆಳಗೆ ‘ಕೈ, ತಲೆ ಹೊರಗೆ ಹಾಕಬೇಡಿ’ ಎಂದೂ ಬರೆಸಿದರು. ಯಾಕೆ ಎಂದು ಕೇಳುವ ಶಕ್ತಿ ನನಗಿರಲಿಲ್ಲ. ಬಸ್ ಸ್ಟ್ಯಾಂಡು ಎರಡು ಹೆಜ್ಜೆಯ ದೂರ, ಹೀಗಾಗಿ ಗೊಂದಲ ಊರಿಗೂ ಹಬ್ಬಿತು. ಶೇಂಗಾದ ಚೀಲ ಹಿಡಿದ ಅಜ್ಜಿಯೊಬ್ಬಳು ಒಳಗೆ ಬಂದು ಆರಾಮಾಗಿ ಕೂತು ಕೇಳಿದಳು:

“ಯಪ್ಪಾ, ಜಾಲಹಳ್ಳಿ ಬಸ್ಸು ಎಷ್ಟೊತ್ತಿಗೆ ಬಿಡ್ತದ?”

ಇದು ಗ್ರಂಥಾಲಯ ಎಂದು ಹೇಳಬೇಕಲ್ಲವೇ? ಮಾಮ ಗಡಿಯಾರ ನೋಡಿದರು. “ಇನ್ನಾ ಮುಕ್ಕಾಲು ತಾಸು ಅದ ಬೇ ಯವ್ವಾ. ಅಲ್ಲಿಗಂಟ ಈ ಚಿತ್ರದ ಪುಸ್ತಕ ನೋಡು.”

ಅಜ್ಜಿ ಆನೆ, ಒಂಟೆ, ತಿಮಿಂಗಿಲ ನೋಡುತ್ತ ಕೂತಳು. ಬಸ್ಸು ಹೋಗಿಯೇಬಿಟ್ಟಿತು! ಬೈದಾಳೆಂದು ನಾನು ಹೆದರಿದರೆ, ಮುಂದಿನ ವಾರ ಒಂದು ತಾಸು ಮೊದಲೇ, ಇಬ್ಬರು ಗೆಳತಿಯರೊಂದಿಗೆ ಹಾಜರ್.

ಅಷ್ಟರಲ್ಲಿ ಗ್ರಂಥಾಲಯ ನೋಡಿಕೊಳ್ಳುವ ಅಕ್ಕ ಕೆಟ್ಟ ಸುದ್ದಿ ತಂದರು. ರಾಯಚೂರಿನಿಂದ ಗ್ರಂಥಾಲಯ ಇಲಾಖೆಯ ಸಾಹೇಬರು ನೋಡಲು ಬರುತ್ತಾರೆ, ಅವರು ಒಪ್ಪದಿದ್ದರೆ ಸೀಟುಗಳೆಲ್ಲ ಮತ್ತೆ ಗುಜರಿಗೆ. ಮಾಮನಿಗೆ ಎರಡು ದಿನ ಅನ್ನ ಸೇರಲಿಲ್ಲ. “ಸೀಟು ಉಳಿಬೇಕವ್ವಾ, ಏನರ ಆಗ್ಲಿ ಸೀಟು ಉಳಿಬೇಕು” ಎಂದು ಅವರು ಒಂದೇ ದಿನ ಮೂರು ಸಲ ಫೋನು ಮಾಡಿದಾಗ ನಾನು ರಜೆ ಹಾಕಿ ಹೊರಟೆ.

ಸಾಹೇಬರು ಬಂದರು. ಕಿಟಕಿಯ ಮೇಲೆ ಕೈ ಇಟ್ಟವರು, ಕೆಳಗಿನ ಬರಹ ನೋಡಿ ತಟ್ಟನೆ ಹಿಂದೆ ತೆಗೆದುಕೊಂಡರು. ಆಮೇಲೆ ಮೂರನೇ ಸಾಲಿನ ಕಿಟಕಿ ಬದಿಯ ಸೀಟಿನಲ್ಲಿ ಕೂರಲು ಹೋದರು. ಮಾಮ ಅಡ್ಡ ಬಂದರು!

“ಸರ್, ಅಲ್ಲಿ ಟವೆಲ್ ಹಾಕೇದ.”

“ಯಾರದ್ರೀ ಅದು?”

“ಬರೋರು ಅದಾರ್ರಿ.”

ಕಿಟಕಿಯಿಂದ ಸೀಟಿಗೆ ಎಸೆದ ಟವೆಲ್ಲುಗಳನ್ನು ಜೀವಮಾನವಿಡೀ ಎತ್ತಿ ಹೊರಗೆ ಬಿಸಾಡಿದ ಮನುಷ್ಯ ಇವರು. ಈಗ ತಾವೇ ಟವೆಲ್ ಹಾಕಿ, ಸೀಟುಗಳ ಹಣೆಬರಹ ಬರೆಯುವವರಿಗೇ ಜಾಗ ಇಲ್ಲ ಎನ್ನುವುದೇ? ಸಾಹೇಬರು ಟವೆಲ್ಲನ್ನೂ ಮಾಮನನ್ನೂ ನೋಡಿದರು. ಅವರೂ ಬಸ್ಸಿನಲ್ಲಿ ಓಡಾಡಿದವರೇ ಇರಬೇಕು, ಸುಮ್ಮನೆ ಹಿಂದಿನ ಸೀಟಿಗೆ ಹೋಗಿ ಪೇಪರು ಬಿಡಿಸಿದರು. ಹತ್ತು ನಿಮಿಷಕ್ಕೆ ಗೊರಕೆ! ಎದ್ದವರೇ ತಪಾಸಣೆಯ ಪುಸ್ತಕದಲ್ಲಿ ಬರೆದರು: ‘ಆಸನಗಳು ಬಹಳ ಆರಾಮವಾಗಿವೆ.’

ಸೀಟುಗಳು ಉಳಿದವು. ಅವರು ಹೋದ ಮೇಲೆ ನಾನು ಮಾಮನನ್ನು ಹಿಡಿದುಕೊಂಡೆ. “ಸಾಹೇಬ್ರಿಗೂ ಬಿಡದಂಥ ಆ ಟವೆಲ್ ಯಾರದ್ ಮಾಮಾ?”

ಮಾಮ ಸೀಟಿಯನ್ನು ಬೆರಳಲ್ಲಿ ತಿರುಗಿಸುತ್ತ ನಿಂತರು.

“ನಿಮ್ಮ ಅತ್ತೀದು. ಕಾಲೇಜಿಗೆ ಮಾನ್ವಿಯಿಂದ ರಾಯಚೂರಿಗೆ ನನ್ನ ಬಸ್ಸಿನಾಗ ಬರ್ತಿದ್ಲು. ಮೂರನೇ ಸೀಟು, ಕಿಟಕಿ ಕಡಿ. ಪುಸ್ತಕದಾಗ ಮುಖ ಇಟ್ಲಂದ್ರ ನಾ ಟಿಕೆಟ್ ಅಂದಿದ್ದೂ ಕೇಳ್ತಿರ್ಲಿಲ್ಲ. ಮದುವಿ ಆತು. ಮನಿ, ಮಕ್ಕಳು, ನಮ್ಮವ್ವನ ಸೇವಾ. ಆಕಿ ಓದಿದ್ದು ಮತ್ತ ನಾ ನೋಡ್ಲಿಲ್ಲ. ಬಳಗದ ಮೊದಲ್ನೇ ದಿನ ಇಲ್ಲಿಗೆ ಕರ್ಕೊಂಡು ಬಂದ್ರ, ಆ ಹಳೇ ಬೆಂಚಿನ ಮ್ಯಾಲ ಮೊಣಕಾಲು ನೋಯ್ತಾವು ಅಂತ ಎದ್ದು ಹೋದ್ಲು. ಊರ ಮಂದಿಗೆಲ್ಲ ಸೀಟು ತೋರಿಸಿದೆ ನಾ. ಆಕಿಗೊಂದು ಕೊಡ್ಲಿಲ್ಲ ನೋಡವ್ವಾ.”

ನನಗೆ ಅಳು ಬಂತು. ಓಡಿಹೋಗಿ ಅತ್ತೆಗೆ ಇದ್ದದ್ದು ಇದ್ದಂತೆ ಹೇಳಿದೆ. “ಹುಚ್ಚು ಕಂಡಕ್ಟ್ರು” ಎಂದು ಬೈದು, ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಂಡು ನನ್ನ ಭುಜ ಹಿಡಿದು ಹೊರಟರು. ಮಾಮ ಟವೆಲ್ ಎತ್ತಿ ಸೀಟಿನ ಧೂಳು ಹೊಡೆದರು. ಅತ್ತೆ ಕಾಲು ಚಾಚಿ ಕೂತು, ಅಕ್ಕ ಕೊಟ್ಟ ಪುಸ್ತಕ ತಿರುಗಿಸಿ ನೋಡಿದರು. “ಅಯ್ಯ! ಇದು ನನ್ನ ಹಸಿರು ಕುಪ್ಪಸದ ಬಟ್ಟಿ ಅಲ್ಲೇನು?” ಎಲ್ಲರೂ ನಕ್ಕರು. ಆಮೇಲೆ ಅತ್ತೆಯ ಮಾತು ನಿಂತಿತು, ಹಾಳೆ ಮಗುಚುವ ಸದ್ದು ಮಾತ್ರ.

ಬಾಗಿಲು ಹಾಕುವ ಹೊತ್ತಾಯಿತು. ಮಾಮ ಸೀಟಿ ಊದಿದರೆ ಎಲ್ಲರೂ ಏಳುವುದು ಅಲ್ಲಿನ ವಾಡಿಕೆ. ಜನ ಅವರ ಮುಖ ನೋಡಿದರು. ಸೀಟಿ ತುಟಿಯಲ್ಲಿತ್ತು, ಸದ್ದು ಬರಲಿಲ್ಲ. ಅಕ್ಕ ಬೀಗದ ಕೈ ಅಲುಗಾಡಿಸಿದರು. ಮಾಮ ಮೂರನೇ ಸೀಟಿನ ಕಡೆ ನೋಡುತ್ತಲೇ ಮೆಲ್ಲಗೆ ಹೇಳಿದರು:

“ತಡೀರಿ. ಆಕಿ ಸ್ಟಾಪ್ ಇನ್ನಾ ಬಂದಿಲ್ಲ.”