ಬೀದಿ ಕೊನೆಯ ಅಂಗಡಿಗೆ ಒಬ್ಬಳೇ

ತಾಯಿಯ ಸೆರಗು ಬಿಡದ ಮಗುವಿಗೆ ನಮ್ಮೂರ ಕಡೆ ಒಂದು ಶಬ್ದವಿತ್ತು. ಅಂಟು... ಅಂಟು ಏನೋ. ಅಲ್ಲ, ಜೋತು ಅಂತ ಶುರುವಾಗುತ್ತಿತ್ತು. ಊಹೂಂ, ಅದೂ ಅಲ್ಲ. ಕುಮಟೆಯಿಂದ ಮದುವೆಯಾಗಿ ದಾವಣಗೆರೆಗೆ ಬಂದ ಮೇಲೆ ಇಂಥ ಎಷ್ಟೋ ಶಬ್ದಗಳು ನಾಲಿಗೆಯ ತುದಿವರೆಗೆ ಬಂದು ವಾಪಸ್ಸು ಹೋಗುತ್ತವೆ. ಹೋಗಲಿ ಬಿಡಿ. ಶಬ್ದ ಇಲ್ಲದಿದ್ದರೂ ಅಂಥ ಮಕ್ಕಳು ಎಲ್ಲ ಊರಲ್ಲೂ ಇದ್ದಾರೆ, ಅವರಿಗಿಂತ ಗಟ್ಟಿಯಾಗಿ ಅಂಟಿಕೊಳ್ಳುವ ಅಪ್ಪ ಅಮ್ಮಂದಿರೂ ಇದ್ದಾರೆ. ಹಾಗಾಗಿ ನಗು ಬರಿಸುವ ಇಂಥ ಪ್ರಸಂಗಗಳು ನಡೆಯುತ್ತಲೇ ಇರುತ್ತವೆ.

ನಮ್ಮ ಮನೆಯಲ್ಲಿ ನಡೆದಾಗ ಮಾತ್ರ ಯಾರಿಗೂ ನಗು ಬರಲಿಲ್ಲ. ಸೊಸೆಗೆ ಹರಿಹರದ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿತ್ತು. ಓದು ಮುಗಿಸಿ, ಮದುವೆಯಾಗಿ, ಹೆತ್ತು, ಕಾದು ಕಾದು ಸಿಕ್ಕ ಕೆಲಸ. ತಿಂಗಳ ಕೊನೆಯೊಳಗೆ ಬರುತ್ತೀರೋ ಇಲ್ಲವೋ ಹೇಳಿಬಿಡಿ ಎಂದಿದ್ದರು. ನಾಲ್ಕು ವರ್ಷದ ಮೊಮ್ಮಗಳೋ, ತಾಯಿ ಉಣಿಸದೆ ಉಣ್ಣಳು, ತಾಯಿ ಕಾಣದಿದ್ದರೆ ಒಂದು ಗಳಿಗೆ ನಿಲ್ಲಳು. ನನ್ನ ಮೊಣಕಾಲು ಅವಳ ಹಿಂದೆ ಓಡುವಂಥದ್ದಲ್ಲ. ಹುಡುಗಿ ತನ್ನ ಕೆಲಸ ತಾನು ಮಾಡಿಕೊಳ್ಳಲು ಕಲಿಯದಿದ್ದರೆ ತಾಯಿಯ ಕೆಲಸ ಹೋದಂತೆಯೇ. ರಾತ್ರಿ ಊಟಕ್ಕೆ ಕೂತಾಗ ಈ ಮಾತು ಬಂದರೆ ಮಗ, ಸೊಸೆ, ನಾನು ಮೂವರೂ ತಟ್ಟೆ ನೋಡುತ್ತಿದ್ದೆವು.

ಕಿಟಕಿ

ಮೊದಲು ಮೊಮ್ಮಗಳನ್ನು ನಮ್ಮ ಬಡಾವಣೆ ವಿನೋಬನಗರದಲ್ಲೇ ಇರುವ ಒಂದು ಶಿಶುವಿಹಾರಕ್ಕೆ ಸೇರಿಸಿದೆವು. ಮೊದಲ ದಿನ ಗೇಟಿನಲ್ಲಿ ಅತ್ತಳು. ಅಳಲಿ, ಸರಿಹೋಗುತ್ತಾಳೆ ಎಂದು ನಾನು ಸೊಸೆಯ ಕೈ ಹಿಡಿದು ಎಳೆದೆ. ಸೊಸೆ ಬರಲಿಲ್ಲ. ಒಳಗೆ ಅಳು ನಿಂತಿತು. ಅದರಿಂದ ಸೊಸೆಗೆ ಇನ್ನೂ ಭಯವಾಯಿತು.

"ಅತ್ತೀ, ಸದ್ದೇ ಇಲ್ಲ. ಏನಾತೋ ಏನೋ."

ಹೋಗಿ ಕಿಟಕಿಯಲ್ಲಿ ಇಣುಕಿದಳು. ಬಣ್ಣದ ಮಣಿ ಪೋಣಿಸುತ್ತಿದ್ದ ಮಗಳು ತಾಯಿಯ ಮುಖ ಕಂಡದ್ದೇ ಮತ್ತೆ ಶುರು ಮಾಡಿದಳು. ಸೊಸೆ ತಲೆ ತಗ್ಗಿಸಿದರೆ ಅಳು ನಿಲ್ಲುತ್ತದೆ, ನಿಂತಿತಲ್ಲ ಎಂದು ಗಾಬರಿಯಾಗಿ ತಲೆ ಎತ್ತಿದರೆ ಮತ್ತೆ ಅಳು. ಹೀಗೇ ಬೆಳಗಿನಿಂದ ಮಧ್ಯಾಹ್ನದವರೆಗೆ. ಕೊನೆಗೆ ಮಿಸ್ಸು ಹೊರಗೆ ಬಂದರು.

"ಅಮ್ಮಾರೆ, ನಿಮ್ಮ ಮಗಳನ್ನ ಸುಮ್ಮನಿರಿಸ್ತೀನಿ. ನಿಮ್ಮನ್ನ ಸುಮ್ಮನಿರಿಸಾಕೆ ನಂಗೆ ಸಂಬಳ ಕೊಡಂಗಿಲ್ರಿ."

ಆಟೋ

ನಮ್ಮ ಮೊಮ್ಮಗಳ ಊಟದ ಪದ್ಧತಿ ಬೇರೆ. ತಟ್ಟೆ ಮುಂದಿಟ್ಟರೆ ಬಾಯಿ ಬಿಗಿ. ಪಕ್ಕದ ಮನೆಯ ಆಟೋದವನು ಮಧ್ಯಾಹ್ನ ಮನೆಗೆ ಬಂದಾಗ ಅವಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಗಾಡಿ ಚಾಲು ಮಾಡುತ್ತಿದ್ದ. ಗಾಡಿ ಡುರ್ರ್ ಎಂದೊಡನೆ ಬಾಯಿ ತೆರೆಯುತ್ತಿತ್ತು. ಸೊಸೆ ತುತ್ತು ಇಡುತ್ತಿದ್ದಳು. ಗಾಡಿ ಹೋಗಬೇಕೆಂದಿಲ್ಲ, ಸದ್ದಾದರೆ ಸಾಕು. "ಅಕ್ಕಾರೆ, ಪೆಟ್ರೋಲು ನಂದು, ಅನ್ನ ನಿಮ್ದು" ಎಂದು ಅವನು ನಗುತ್ತಿದ್ದ.

ಶಿಶುವಿಹಾರಕ್ಕೆ ಆಟೋ ಕಳಿಸಲು ಆಗುತ್ತದೆಯೇ? ಮಗು ಹಸಿದುಕೊಂಡಿರುತ್ತದೆಂದು ಸೊಸೆಯೂ ಉಣ್ಣಳು. ಮೂರು ದಿನ ಡಬ್ಬಿ ತುಂಬಿದ್ದು ತುಂಬಿದಂತೆಯೇ ವಾಪಸ್ಸು ಬಂತು. ನಾಲ್ಕನೆಯ ದಿನ ಖಾಲಿ. ನಾನೇ ಹೋಗಿ ಮಿಸ್ಸನ್ನು ಕೇಳಿದೆ, ಹೇಗೆ ಉಣಿಸಿದಿರಿ ಎಂದು.

"ನಾನೆಲ್ಲಿ ಉಣಿಸಿದೆ? ಅವಳೇ ಡುರ್ರ್ ಅಂದ್ಕೊಂಡು ಅವಳೇ ತಿಂದ್ಲು. ಈಗ ಎಲ್ಲಾ ಹುಡುಗ್ರೂ ಡುರ್ರ್ ಅಂತಾರೆ. ಊಟದ ಹೊತ್ತಿಗೆ ನಮ್ದು ಬಸ್ ಸ್ಟ್ಯಾಂಡ್ ಆಗೈತ್ರಿ."

ಗಿರಣಿ

ಊಟ ಒಂದು ಆಯಿತು. ಆದರೂ ಸೊಸೆಗೆ ಧೈರ್ಯ ಬರಲಿಲ್ಲ. ಭಾನುವಾರ ಎಲ್ಲರೂ ಹರಿಹರಕ್ಕೆ, ಅವಳ ತವರಿಗೆ ಹೋದೆವು. ನಮ್ಮ ಬೀಗಿತಿ ಗಟ್ಟಿ ಹೆಂಗಸು. ಮೊಮ್ಮಗಳ ಕೈಗೆ ಹಿಟ್ಟಿನ ಉಂಡೆ ಕೊಟ್ಟು, ಒಲೆಯಿಂದ ದೂರ ಕೂರಿಸಿ, "ತಟ್ಟು" ಎಂದರು. ಮಗು ಅಂಗೈಯಗಲದ ರೊಟ್ಟಿ ತಟ್ಟಿತು. ಕೈ ತಾನೇ ತೊಳೆದುಕೊಂಡಿತು. ಲೋಟ ತಾನೇ ಎತ್ತಿಟ್ಟಿತು. ಸೊಸೆ ಪ್ರತಿಯೊಂದಕ್ಕೂ ಓಡಿ ಹೋಗಿ ಕೈ ಹಾಕುವುದು, ಬೀಗಿತಿ ಆ ಕೈ ತಟ್ಟಿ ತೆಗೆಯುವುದು.

"ಬಿಡವ್ವ ಅದನ್ನ. ನಿನ್ನ ನಾನು ಇಷ್ಟೇ ಇದ್ದಾಗ ಗಿರಣಿಗೆ ಒಬ್ಬಾಕಿನೇ ಕಳಿಸ್ತಿದ್ದೆ. ಏನಾತು ನಿಂಗೆ?"

"ಏನಾತಾ? ಗಿರಣಿ ನಾಯಿ ಕಚ್ಚಿತು, ಅವ್ವ."

ಬೀಗಿತಿ ರೊಟ್ಟಿ ಮಗುಚಿ ಹಾಕಿ ಹೇಳಿದರು: "ಕಚ್ಚಿದ್ದು ಹೋಗಾಗ. ಆದ್ರೂ ಹಿಟ್ಟು ಹಾಕಿಸ್ಕೊಂಡೇ ಬಂದಿದ್ದೆ ನೀನು."

ಅಂಗಡಿ

ತಿಂಗಳು ಮುಗಿಯುವ ಹಿಂದಿನ ದಿನ ಮಗ ಒಂದು ತೀರ್ಮಾನಕ್ಕೆ ಬಂದ. ನಮ್ಮ ಬೀದಿಯ ಕೊನೆಯಲ್ಲಿ ಒಂದು ಅಂಗಡಿಯಿದೆ. ರಸ್ತೆ ದಾಟಬೇಕಾಗಿಲ್ಲ, ನಮ್ಮ ಸಾಲಿನಲ್ಲೇ. ಮಗು ಒಬ್ಬಳೇ ಹೋಗಿ ಕೊತ್ತಂಬರಿ ತರಬೇಕು. ತಂದರೆ ಸೊಸೆ ಕೆಲಸಕ್ಕೆ ಹೋಗುವುದು, ಇಲ್ಲದಿದ್ದರೆ ಆಸ್ಪತ್ರೆಗೆ ಬರುವುದಿಲ್ಲ ಎಂದು ಹೇಳಿಬಿಡುವುದು. ಯಾರೂ ಹಿಂದೆ ಹೋಗಬಾರದು ಎಂದು ಮೂವರೂ ಒಪ್ಪಿಕೊಂಡೆವು.

ಹುಡುಗಿ ಚೀಲ ಹಿಡಿದು ಹೊರಟಳು. ಸೊಸೆ "ಒಗೆದ ಬಟ್ಟೆ ತರ್ತೀನಿ" ಎಂದು ಹಿತ್ತಲಿಗೆ ಹೋದಳು. ಮಗ "ಫೋನು ಬಂತು" ಎಂದು ಹೊರಗೆ ಹೋದ, ಫೋನು ಮೇಜಿನ ಮೇಲೇ ಇತ್ತು. ಬೀದಿಯಲ್ಲಿ ಒಂದು ಬೈಕು ಭರ್ರೆಂದು ಹೋದ ಸದ್ದಾಯಿತು. ಯಾವಾಗ ಮಾಳಿಗೆ ಮೆಟ್ಟಿಲು ಹತ್ತಿದೆನೋ ನನಗೇ ಗೊತ್ತಿಲ್ಲ.

ಮೇಲಿನಿಂದ ಎಲ್ಲ ಕಂಡಿತು. ಬೀದಿಯಲ್ಲಿ ನಿಂತಿದ್ದ ಆಟೋದ ಹಿಂದೆ ಮಗ, ಕುಕ್ಕರುಗಾಲಲ್ಲಿ. ಸೊಸೆ ಹಿತ್ತಲಿನಿಂದ ಸುತ್ತಿ ಬಂದು ಎಳನೀರಿನ ಗಾಡಿಯ ಹಿಂದೆ. ಇವನಿಗೆ ಅವಳು ಕಾಣಳು, ಅವಳಿಗೆ ಇವನು ಕಾಣ. ನಡುವೆ ನಮ್ಮ ಹುಡುಗಿ ಕೊತ್ತಂಬರಿ ಚೀಲ ತೂಗಿಸಿಕೊಂಡು ಆರಾಮಾಗಿ ವಾಪಸ್ಸು ಬರುತ್ತಿದ್ದಳು. ಬಂದಳು, ಮನೆಯೊಳಗೆ ಹೋದಳು, ಕರೆದಳು. ನಾನು ಓಗೊಟ್ಟರೆ ನನ್ನ ಕಳ್ಳತನ ಬಯಲಾಗುತ್ತದೆ. ಇಳಿಯೋಣವೆಂದರೆ ಮೊಣಕಾಲು ಹಿಡಿದುಕೊಂಡಿತ್ತು. ಅವರಿಬ್ಬರೂ ಯಾರಾದರೂ ನೋಡಿಯಾರೆಂದು ಏಳಲೇ ಇಲ್ಲ.

ಹುಡುಗಿ ಬಾಗಿಲು ಎಳೆದುಕೊಂಡು ತಿರುಗಿ ಅಂಗಡಿಗೇ ನಡೆದಳು. ಅವಳ ದನಿ ಬೀದಿಗೆಲ್ಲ ಕೇಳಿಸಿತು.

"ಕಾಕಾ, ಕೊತ್ತಂಬರಿ ವಾಪಸ್ ಇಟ್ಕಾ. ಮನ್ಯಾಗೆ ಯಾರೂ ಇಲ್ಲ."

"ಎಲ್ಲಿಗೆ ಹೋಗ್ಯಾರೆ, ಕೂಸೇ?"

"ಅಪ್ಪ ಆಟೋ ಹಿಂದೆ ಅದಾನೆ. ಅಮ್ಮ ಎಳನೀರು ಗಾಡಿ ಹಿಂದೆ ಅದಾಳೆ. ಅಜ್ಜಿ ಮಾಳಿಗಿ ಮ್ಯಾಲೆ ಐತೆ. ಯಾಕೋ ಗೊತ್ತಿಲ್ಲ."

ಅಂಗಡಿಯವನು ಹೊರಗೆ ಬಂದು ಬೀದಿಯುದ್ದ ಕಣ್ಣಾಡಿಸಿದ. "ಬರ್ರಿ ಎಲ್ಲಾರೂ ಹೊರಗೆ" ಎಂದ. "ಹುಡುಗಿ ಹುಡುಕಾಕೆ ಹತ್ಯಾಳೆ."

ಮೊದಲು ಎದ್ದವಳು ಸೊಸೆ, ಆಮೇಲೆ ಮಗ. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಮನೆಗೆ ಬಂದು ನನ್ನನ್ನು ಮೆಟ್ಟಿಲಿಂದ ಇಳಿಸುವುದಕ್ಕೆ ಇಬ್ಬರೂ ಬೇಕಾಯಿತು. ಸೊಸೆ ಕೈಕಾಲು ತೊಳೆದು, ಆಸ್ಪತ್ರೆಗೆ ಫೋನು ಹಚ್ಚಿ, "ಬರ್ತೀನ್ರಿ" ಎಂದಳು. ಮಗಳು ಕೇಳಿಸಿಕೊಂಡಳು.

"ಅಮ್ಮ, ಹರಿಹರಕ್ಕೆ ಒಬ್ಬಾಕಿನೇ ಹೋಗ್ತೀಯಾ?"

"ಹೂಂ, ಚಿನ್ನ."

"ಹೆದರಬ್ಯಾಡ, ಹೋಗು" ಎಂದಳು ಮೊಮ್ಮಗಳು. "ನಾನು ಎಳನೀರು ಗಾಡಿ ಹಿಂದೆ ಕುಂತು ನೋಡ್ತಿರ್ತೀನಿ."