ಮೇಕೆ ಎಲ್ಲಿ ಹೋಯಿತು?

ಈ ವರ್ಷ ಅತ್ಯುತ್ತಮ ಚಿತ್ರ ಪ್ರಶಸ್ತಿಯ ಪಟ್ಟಿಯಲ್ಲಿರುವ ಹತ್ತಕ್ಕೆ ಹತ್ತೂ ಸಿನಿಮಾ ನೋಡಿಯೇ ತೀರುತ್ತೇನೆ, ನೋಡಿ ತೀರ್ಪನ್ನೂ ಕೊಡುತ್ತೇನೆ ಎಂದು ನಾನು ಪ್ರತಿಜ್ಞೆ ಮಾಡಿದ್ದು ಬಚ್ಚಲುಮನೆಯಲ್ಲಿ. ತಲೆಯ ತುಂಬ ಸೋಪಿನ ನೊರೆ ಇದ್ದುದರಿಂದ ಅದನ್ನು ಭೀಷ್ಮಪ್ರತಿಜ್ಞೆ ಎನ್ನಲು ಸ್ವಲ್ಪ ಸಂಕೋಚ. ಆದರೆ ದನಿ ಮಾತ್ರ ಅದೇ ಮಟ್ಟದ್ದು! ಅಡುಗೆಮನೆಯಲ್ಲಿದ್ದ ಹೆಂಡತಿಗೂ ಕೇಳಿಸಿತು. "ಮೊದ್ಲು ಗೀಸರ್ ಆಫ್ ಮಾಡಿ" ಎಂದಳು. ಮಹತ್ಕಾರ್ಯಗಳಿಗೆ ಲೋಕ ಕೊಡುವ ಮೊದಲ ಪ್ರತಿಕ್ರಿಯೆ ಯಾವಾಗಲೂ ಹೀಗೆಯೇ.

ನಾನು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವನು. ವಿಮರ್ಶಕನಿಗೆ ಇದಕ್ಕಿಂತ ಪ್ರಶಸ್ತವಾದ ಉದ್ಯೋಗ ಇನ್ನೊಂದಿಲ್ಲ. ಗಿರಾಕಿ ಗಲ್ಲವನ್ನು ಯಂತ್ರದ ಮೇಲಿಟ್ಟು, ಹಣೆಯನ್ನು ಪಟ್ಟಿಗೆ ಒತ್ತಿಕೊಂಡು ಕುಳಿತರೆ ಮುಗಿಯಿತು. ಬಾಯಿ ತೆರೆಯುವಂತಿಲ್ಲ, ಎದ್ದು ಓಡುವಂತಿಲ್ಲ. ಎಡಗಣ್ಣು ಮುಗಿಯುವುದರೊಳಗೆ ಒಂದು ಸಿನಿಮಾ, ಬಲಗಣ್ಣು ಮುಗಿಯುವುದರೊಳಗೆ ಇನ್ನೊಂದು! ಯುದ್ಧದ ಸಿನಿಮಾದಲ್ಲಿ ನಾಯಕ ಏಳು ಗುಂಡು ತಿಂದ ಮೇಲೂ ಇಪ್ಪತ್ತು ನಿಮಿಷ ಭಾಷಣ ಮಾಡುತ್ತಾನೆ, ಕೊನೆಗೆ ಸತ್ತದ್ದು ಗುಂಡಿನಿಂದಲ್ಲ, ಗಂಟಲು ಒಣಗಿ ಎಂದೆ. ದೆವ್ವದ ಸಿನಿಮಾದಲ್ಲಿ ಹಿನ್ನೆಲೆ ಸಂಗೀತಕ್ಕೆ ದೆವ್ವವೇ ಹೆದರಿ ಮೂಲೆ ಸೇರಿದೆ ಎಂದೆ. ಗಾಯಕನೊಬ್ಬನ ಜೀವನಚರಿತ್ರೆಯಲ್ಲಿ ನಟನಿಗಿಂತ ಅವನ ತಲೆಯ ಟೋಪನ್ ಚೆನ್ನಾಗಿ ಅಭಿನಯಿಸಿದೆ, ಪೋಷಕ ನಟ ಪ್ರಶಸ್ತಿ ಅದಕ್ಕೇ ಸಲ್ಲಬೇಕು ಎಂದೆ. ಇಂಥವಕ್ಕೆಲ್ಲ ನಾಮನಿರ್ದೇಶನ ಸಿಗುತ್ತದೆಂದರೆ, ಪ್ರೇಕ್ಷಕನಿಗೆ ನಾಮ ಹಾಕುವ ನಿರ್ದೇಶನಕ್ಕೇ ಆ ಹೆಸರಿರಬೇಕು ಎಂದೂ ಹೇಳಿ ನಾನೇ ನಕ್ಕೆ. ಮಾಲೀಕರು ಗಲ್ಲಾಪೆಟ್ಟಿಗೆಯ ಹಿಂದಿನಿಂದ ಒಮ್ಮೆ ಕೇಳಿದರು: "ಅಲ್ಲಪ್ಪ, ಇದು ಕಣ್ಣಿನ ಅಂಗಡಿನೋ, ಕಿವೀದೋ?"

ಇನ್ನು ನನ್ನ ಹೆಂಡತಿ. ಅವಳು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಹಾಗಾಗಿ ನಮ್ಮ ಮನೆಯಲ್ಲಿ ಅಭಿಪ್ರಾಯ ನನ್ನ ವಿಭಾಗ, ಪುರಾವೆ ಅವಳದು. ನಾನು ಒಂದು ಗಂಟೆ ವಿವರಿಸಿದ ಸಿನಿಮಾದ ಬಗ್ಗೆ ಅವಳು "ಉದ್ದ ಆಯ್ತು" ಎಂದು ವರದಿ ಕೊಟ್ಟು ಮಲಗುವವಳು. ಅವಳೂ ಸಿನಿಮಾ ನೋಡುತ್ತಾಳೋ, ನೋಡಿದರೆ ಯಾವುದನ್ನು ಎಂದು ಕೇಳುವ ಅಭ್ಯಾಸ ನನಗಿರಲಿಲ್ಲ. ಬಾಯಿಗೆ ಬಿಡುವಿದ್ದರೆ ತಾನೆ!

ಒಂದು ದಿನ ನಮ್ಮ ಬಡಾವಣೆಯ ಗ್ರಂಥಾಲಯದ ಮೇಡಂ ಕಣ್ಣು ತೋರಿಸಲು ಬಂದರು. ಬಲಗಣ್ಣಿಗೆ ಬರುವಷ್ಟರಲ್ಲಿ ನಾನು ಆರು ಸಿನಿಮಾ ಮುಗಿಸಿದ್ದೆ. ಗಲ್ಲ ಬಿಡಿಸಿಕೊಂಡವರೇ, ಶನಿವಾರ ಮಧ್ಯಾಹ್ನ ಗ್ರಂಥಾಲಯದಲ್ಲಿ "ಈ ಸಲ ಪ್ರಶಸ್ತಿ ಯಾರಿಗೆ?" ಎಂಬ ಕಾರ್ಯಕ್ರಮ ಇಟ್ಟುಕೊಂಡಿದ್ದೇವೆ, ನೀವೇ ಯಾಕೆ ಮಾತಾಡಬಾರದು ಎಂದರು. ಅವರ ವಾಕ್ಯ ಮುಗಿಯುವ ಮೊದಲೇ ಒಪ್ಪಿಕೊಂಡೆ. ನಾನು ಆಗಲೇ ಒಂಬತ್ತು ಸಿನಿಮಾ ನೋಡಿಯಾಗಿತ್ತು. ಉಳಿದದ್ದು ಒಂದೇ, ಎಲ್ಲರ ಬಾಯಲ್ಲೂ ಇದ್ದ ಆ ದೋಣಿಯವನ ಸಿನಿಮಾ.

ಬುಧವಾರ, ಇಬ್ಬರು ಗಿರಾಕಿಗಳ ಕನ್ನಡಕವನ್ನು ಅವರವರ ಮನೆಗೆ ಮುಟ್ಟಿಸಿ ಬರುತ್ತೇನೆಂದು ಮಾಲೀಕರಿಗೆ ಹೇಳಿ, ಆ ಎರಡು ಡಬ್ಬಿಗಳನ್ನೂ ನನ್ನ ಊಟದ ಡಬ್ಬಿಯನ್ನೂ ಒಂದೇ ಬ್ಯಾಗಿಗೆ ತುಂಬಿಕೊಂಡು ನೇರ ಚಿತ್ರಮಂದಿರಕ್ಕೆ ನಡೆದೆ. ಅಲ್ಲಿ ಒಂದೇ ಸೂರಿನಡಿ ನಾಲ್ಕು ಪರದೆ. ನಾಲ್ಕು ಬಾಗಿಲೂ ಒಂದೇ ಬಸಿರಲ್ಲಿ ಹುಟ್ಟಿದವರ ಹಾಗೆ ಒಂದೇ ಥರ. ನನ್ನದು ಎರಡನೆಯದು. ಏಳನೇ ಸಾಲು, ಅಂಚಿನಿಂದ ಮೂರನೇ ಸೀಟು. ಬ್ಯಾಗನ್ನು ಕಾಲ ಬಳಿ ಇಟ್ಟು ಕುಳಿತೆ. ಪಕ್ಕದಲ್ಲೊಬ್ಬರು ಅಜ್ಜ ಆಗಲೇ ಗೊರಕೆ ಹೊಡೆಯುತ್ತಿದ್ದರು.

ಸಿನಿಮಾ ಕಪ್ಪುಬಿಳುಪು. ಒಂದು ನದಿ, ಒಬ್ಬ ಮುದುಕ ದೋಣಿಯವ, ಮಾತೇ ಆಡದ ಅವನ ಮಗಳು, ಒಂದು ಮೇಕೆ. ಮುದುಕ ಹುಟ್ಟು ಹಾಕುತ್ತಾನೆ, ಮಗಳು ನೀರು ನೋಡುತ್ತಾಳೆ, ಮೇಕೆ ಇಬ್ಬರನ್ನೂ ನೋಡುತ್ತದೆ. ಹುಟ್ಟಿನ ಸದ್ದಿಗೂ ಅಜ್ಜನ ಗೊರಕೆಗೂ ಎಂಥ ತಾಳ! ಒಂದು ಗಂಟೆ ಹತ್ತು ನಿಮಿಷದ ಮೇಲೆ ಮಗಳು ಕೋಪಿಸಿಕೊಂಡು ಆಚೆ ದಡಕ್ಕೆ ಹೋಗಿಬಿಡುತ್ತಾಳೆ. ಮೇಕೆ ಒಮ್ಮೆ ಕೂಗುತ್ತದೆ. ಮಧ್ಯಂತರ.

ಪಾಪ್‌ಕಾರ್ನಿನ ಸಾಲು ಬಾಗಿಲ ತನಕ ಬೆಳೆದಿತ್ತು. ನನ್ನ ಸರದಿ ಬರುವಷ್ಟರಲ್ಲಿ ಒಳಗೆ ಸಿನಿಮಾ ಶುರುವಾದ ಸದ್ದು. ಪೊಟ್ಟಣ ಹಿಡಿದು ಓಡಿದೆ, ಬಾಗಿಲು ತಳ್ಳಿದೆ, ಕತ್ತಲಲ್ಲಿ ಸಾಲು ಎಣಿಸಿದೆ, ಏಳನೆಯದರಲ್ಲಿ ಅಂಚಿನಿಂದ ಮೂರನೇ ಸೀಟು ಖಾಲಿ ಇತ್ತು, ಕುಳಿತೆ. ಅಜ್ಜನ ಜಾಗದಲ್ಲಿ ಒಬ್ಬ ಯುವತಿ. ಅಜ್ಜ ಬೇಸತ್ತು ಎದ್ದು ಹೋಗಿರಬೇಕು ಅಂದುಕೊಂಡೆ. ಒಳ್ಳೆಯ ಸಿನಿಮಾಗಳ ಹಣೆಬರಹವೇ ಇಷ್ಟು!

ಪರದೆಯ ಮೇಲೆ ನೋಡಿದರೆ ಬಣ್ಣ! ನದಿ ಇಲ್ಲ, ನ್ಯಾಯಾಲಯ. ದೋಣಿ ಇಲ್ಲ, ಎತ್ತರದ ಮೇಜು, ಅದರ ಹಿಂದೆ ದಪ್ಪಗಿನ ನ್ಯಾಯಾಧೀಶ. ಎದುರಿಗೆ ಒಬ್ಬ ವಕೀಲೆ, ನಿಂತಲ್ಲೇ ನಲವತ್ತು ನಿಮಿಷ ಬಾಯಿ ಮುಚ್ಚಲಿಲ್ಲ. ಒಂದು ಕ್ಷಣ ತಬ್ಬಿಬ್ಬಾದೆ. ಮರುಕ್ಷಣ ಅರ್ಥವಾಯಿತು! ಮಾತಾಡದ ಮಗಳು ಆಚೆ ದಡ ಸೇರಿ ವಕೀಲೆಯಾಗಿದ್ದಾಳೆ, ಅಷ್ಟು ವರ್ಷ ಕಟ್ಟಿಟ್ಟ ಮಾತು ಒಡ್ಡು ಒಡೆದು ಹರಿಯುತ್ತಿದೆ! ಮುದುಕನ ಪಶ್ಚಾತ್ತಾಪವೇ ನ್ಯಾಯಾಧೀಶನ ರೂಪ ತಾಳಿದೆ! ನಟನಟಿಯರನ್ನೇ ಬದಲಿಸಿದ ನಿರ್ದೇಶಕನ ಎದೆಗಾರಿಕೆಗೆ ಮನಸ್ಸಿನಲ್ಲೇ ಅಡ್ಡಬಿದ್ದೆ. ಕೊನೆಗೆ ಆರೋಪಿಗೆ ಬಿಡುಗಡೆಯಾದಾಗ ನನ್ನ ಕಣ್ಣಲ್ಲಿ ನೀರು. ಆರೋಪಿ ಯಾರು, ಏನು ಆರೋಪ ಎಂಬುದು ನನಗೆ ಗೊತ್ತಿರಲಿಲ್ಲ. ಕಲೆಗೆ ಅದೆಲ್ಲ ಬೇಕಿಲ್ಲ.

ದೀಪ ಹತ್ತಿದಾಗ ಕಾಲ ಬಳಿ ಬ್ಯಾಗಿರಲಿಲ್ಲ. ಎರಡು ಕನ್ನಡಕ! ಓಡಿ ಚಿತ್ರಮಂದಿರದ ಮ್ಯಾನೇಜರರನ್ನು ಹಿಡಿದೆ. ನಿಮ್ಮಲ್ಲಿ ಕಳ್ಳರಿದ್ದಾರೆ, ನನ್ನ ಪಕ್ಕದ ಅಜ್ಜ ಗೊರಕೆಯ ನಾಟಕವಾಡಿ ಬ್ಯಾಗಿನೊಂದಿಗೆ ಪರಾರಿಯಾಗಿದ್ದಾರೆ ಎಂದು ಕೂಗಾಡಿದೆ. ಅವರು ಶಾಂತವಾಗಿ ಒಳಗೆ ಹೋಗಿ, ಅದೇ ಬ್ಯಾಗ್ ತಂದು ಕೈಗಿಟ್ಟರು. ಎರಡನೇ ಹಾಲ್‌ನಲ್ಲಿ ಸೀಟಿನ ಕೆಳಗೇ ಇತ್ತಂತೆ.

"ನೀವು ಬಂದಿದ್ದು ಮೂರನೇ ಹಾಲ್‌ನಿಂದ ಅಲ್ವಾ ಸಾರ್?" ಎಂದರು.

ಹಿಂತಿರುಗಿ ನೋಡಿದೆ. ನಾನು ಹೊರಬಂದ ಬಾಗಿಲ ಮೇಲೆ ನಿಜಕ್ಕೂ ಮೂರು ಎಂದಿತ್ತು. ಬುದ್ಧಿ ಇರುವವನಿಗೆ ಅಲ್ಲಿಯೇ ಹೊಳೆಯಬೇಕಿತ್ತು. ನನಗೆ ಹೊಳೆದದ್ದೇ ಬೇರೆ. ನಾನು ಮೊದಲಿನಿಂದಲೂ ಕುಳಿತದ್ದು ಮೂರರಲ್ಲೇ, ಟಿಕೆಟ್ ತೆಗೆದುಕೊಳ್ಳುವಾಗ ಎರಡೆಂದು ತಪ್ಪಾಗಿ ಕೇಳಿಸಿಕೊಂಡಿರಬೇಕು, ಅಜ್ಜ ಬ್ಯಾಗ್ ಕದ್ದು ಎರಡನೇ ಹಾಲ್‌ನಲ್ಲಿ ಅಡಗಿ, ಊಟದ ಡಬ್ಬಿ ಖಾಲಿ ಇರುವುದನ್ನು ಕಂಡು ಬಿಟ್ಟು ಹೋಗಿರಬೇಕು! ಇದನ್ನು ಮ್ಯಾನೇಜರರಿಗೂ ವಿವರಿಸಿದೆ. ಅವರು ನನ್ನನ್ನು ಹೊರಬಾಗಿಲವರೆಗೂ ಕೈಹಿಡಿದು ಬಿಟ್ಟು ಬಂದರು. ಗೌರವ ಅಂದುಕೊಂಡೆ.

ಅಂದು ಸಂಜೆಯೇ ಹೆಂಡತಿಯ ಎದುರು ಭಾಷಣದ ತಾಲೀಮು. ಅವಳು ಬಟ್ಟೆ ಮಡಿಸುತ್ತಿದ್ದಳು. ಕಪ್ಪುಬಿಳುಪಿನಿಂದ ಬಣ್ಣಕ್ಕೆ, ಮೌನದಿಂದ ವಾದಕ್ಕೆ, ನೀರಿನಿಂದ ನ್ಯಾಯಕ್ಕೆ ಎಂದು ನಾನು ಏರುದನಿಯಲ್ಲಿ ಹೋಗುತ್ತಿದ್ದಂತೆ ಅವಳ ಕೈ ನಿಂತಿತು. ಹನ್ನೆರಡು ವರ್ಷದ ಸಂಸಾರದಲ್ಲಿ ನನ್ನ ಮಾತಿಗೆ ಅವಳ ಕೈ ನಿಂತದ್ದು ಅದೇ ಮೊದಲು! ನ್ಯಾಯಾಲಯದ ಭಾಗವನ್ನು ಇನ್ನೊಮ್ಮೆ ಹೇಳಿ ಎಂದಳು. ಹೇಳಿದೆ. ಮೇಕೆ ಏನಾಯಿತು ಎಂದು ಕೇಳಿದಳು. ಅದನ್ನು ನಿರ್ದೇಶಕ ನಮ್ಮ ಕಲ್ಪನೆಗೆ ಬಿಟ್ಟಿದ್ದಾನೆ ಎಂದೆ. ಮಡಿಸಿದ ದುಪ್ಪಟಿಯೊಂದನ್ನು ಬಾಯಿಗೆ ಒತ್ತಿಕೊಂಡು ಅವಳು ಒಳಕೋಣೆಗೆ ಹೋದಳು. ಭಾವುಕಳಾಗಿದ್ದಾಳೆ, ಪಾಪ.

ಶನಿವಾರ ಗ್ರಂಥಾಲಯದಲ್ಲಿ ಕುರ್ಚಿ ಸಾಲದೆ ಪುಸ್ತಕದ ಕಪಾಟಿಗೆ ಒರಗಿ ನಿಂತವರಿದ್ದರು. ಮುಂದಿನ ಸಾಲಿನಲ್ಲಿ ನನ್ನ ಹೆಂಡತಿ, ಅವಳ ಪಕ್ಕದಲ್ಲಿ ಲ್ಯಾಬಿನ ನಾಲ್ವರು ಸಹೋದ್ಯೋಗಿಗಳು. ನಮ್ಮ ಮಾಲೀಕರೂ ಬಂದಿದ್ದರು. ಒಂಬತ್ತು ಸಿನಿಮಾಗಳನ್ನು ಒಗೆದು ಹಿಂಡಿ ಒಣಹಾಕಿದೆ. ಆಮೇಲೆ ದನಿ ತಗ್ಗಿಸಿ ಹತ್ತನೆಯದಕ್ಕೆ ಬಂದೆ. ಅತ್ಯುತ್ತಮ ಚಿತ್ರ ಪ್ರಶಸ್ತಿ ಇದಕ್ಕಲ್ಲದೆ ಬೇರೆ ಯಾವುದಕ್ಕೂ ಬಂದರೆ ನಾನು ಸಿನಿಮಾ ನೋಡುವುದನ್ನೇ ಬಿಡುತ್ತೇನೆ ಎಂದು ಶುರುಮಾಡಿ, ನ್ಯಾಯಾಲಯವನ್ನು ಬಣ್ಣಿಸಿದೆ. ಕೆಲವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಲ್ಯಾಬಿನವರ ಭುಜಗಳು ಅಲುಗುತ್ತಿದ್ದವು. ಅಳುತ್ತಿದ್ದಾರೆ ಅಂದುಕೊಂಡು ಇನ್ನೂ ಹುರುಪೇರಿ, "ಹೇಳಿ, ಆ ಮೇಕೆ ಎಲ್ಲಿ ಹೋಯಿತು? ಅದು ನಮ್ಮೆಲ್ಲರ ಕಳೆದುಹೋದ ಮುಗ್ಧತೆ!" ಎಂದು ಮುಗಿಸಿದೆ.

ಮೂರನೇ ಸಾಲಿನಲ್ಲಿ ಒಬ್ಬ ಹೆಂಗಸು ಕೈ ಎತ್ತಿದರು. ಗ್ರಂಥಾಲಯದ ಮೇಡಂ ಹಿಗ್ಗಿನಿಂದ ಎದ್ದು, ಇವರು ನನ್ನ ತಂಗಿ, ದೋಣಿಯವನ ಸಿನಿಮಾದ ಸಂಕಲನ ಮಾಡಿದವರು ಇವರೇ, ನಿಮಗೆಲ್ಲ ಅಚ್ಚರಿಯಾಗಲಿ ಎಂದು ಹೇಳದೆ ಕರೆಸಿದ್ದೆ ಎಂದರು. ನಾನು ಕೈ ಮುಗಿದೆ. ಹೊಗಳಿಕೆಗೆ ತಲೆ ಬಾಗಿಸಿಯೇ ನಿಂತಿದ್ದೆ.

ಆಕೆ ಬಹಳ ಮೆತ್ತಗೆ ಮಾತಾಡಿದರು.

"ಸಾರ್, ಎರಡನೇ ಅರ್ಧದಲ್ಲಿ ಮೇಕೆ ಐವತ್ತು ನಿಮಿಷ ಇದೆ. ದೋಣಿಲಿ ಅಪ್ಪ, ಮೇಕೆ ಇಬ್ರೇ ಇರೋದು. ನಮ್ಮ ಸಿನಿಮಾದಲ್ಲಿ ಕೋರ್ಟ್ ಇಲ್ಲ."

ಎಲ್ಲೋ ಒಂದು ಕುರ್ಚಿ ಕಿರುಗುಟ್ಟಿತು. ಆಕೆ ಮುಂದುವರಿಸಿದರು.

"ಈ ಊರಲ್ಲಿ ನಮ್ಮ ಸಿನಿಮಾ ಇರೋದು ಒಂದೇ ಥಿಯೇಟರಲ್ಲಿ. ಕೋರ್ಟ್ ಇರೋದು ಅಲ್ಲಿ ಪಕ್ಕದ ಹಾಲ್‌ನ ಸಿನಿಮಾದಲ್ಲಿ. ನೀವು ಇಂಟರ್ವಲ್‌ನಲ್ಲಿ ಹೊರಗೆ ಹೋಗಿದ್ರಾ?"

ಎರಡನೇ ಹಾಲ್, ಮೂರನೇ ಹಾಲ್, ಬ್ಯಾಗ್, ಅಜ್ಜ, ಯುವತಿ, ಎಲ್ಲವೂ ಒಟ್ಟಿಗೇ ಬಂದು ನನ್ನ ತಲೆಯ ಮೇಲೆ ಕುಳಿತವು. ಪಾಪದ ಅಜ್ಜ! ನಿಜವಾದ ಕಲಾರಸಿಕ, ಕೊನೆಯವರೆಗೂ ಗೊರಕೆ ಹೊಡೆದಿರಬೇಕು! ನಾನು ಬಾಯಿ ತೆರೆದೆ. ಬಂದದ್ದು ಇಷ್ಟೇ: "ಪಾಪ್‌ಕಾರ್ನ್ ತರೋಕೆ ಹೋಗಿದ್ದೆ ಮೇಡಂ."

ಸಭೆ ಸಿಡಿಯಿತು. ಮೌನ ಪಾಲಿಸಿ ಎಂಬ ಫಲಕದ ಕೆಳಗೇ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ನಮ್ಮ ಮಾಲೀಕರು, ಹದಿನಾರು ವರ್ಷದಿಂದ ನಗುವನ್ನು ಉಳಿತಾಯ ಮಾಡಿಟ್ಟವರು, ಅಂದು ಅಸಲು ಬಡ್ಡಿ ಸಮೇತ ಖರ್ಚು ಮಾಡಿದರು. ನಗದೆ ಉಳಿದವರು ಆ ಸಂಕಲನಕಾರ್ತಿ ಒಬ್ಬರೇ. ಆಕೆ ಯೋಚನೆಯಲ್ಲಿದ್ದರು. ಹತ್ತು ತಿಂಗಳು ಕೂತು ಎರಡನೇ ಅರ್ಧ ಜೋಡಿಸಿದೆವು, ಅದು ಇಲ್ಲದ್ದು ಇವರಿಗೆ ಗೊತ್ತೇ ಆಗಲಿಲ್ಲ ಎಂದು ಅಕ್ಕನಿಗೆ ಹೇಳುತ್ತಿದ್ದುದು ನನಗೆ ಕೇಳಿಸಿತು. ನಾನೂ ಆಕೆಯೂ ಒಬ್ಬರನ್ನೊಬ್ಬರು ಸಮಾಧಾನ ಮಾಡುವ ಸ್ಥಿತಿಯಲ್ಲಿದ್ದೆವು.

ಒಂದು ವಾರ ಅಂಗಡಿಯಲ್ಲಿ ಸಿನಿಮಾದ ಸುದ್ದಿ ಎತ್ತಲಿಲ್ಲ. ಗಿರಾಕಿಗಳೇ ಎತ್ತುತ್ತಿದ್ದರು. ಗಲ್ಲ ಯಂತ್ರದ ಮೇಲಿಟ್ಟವರು, ನಿಮ್ಮ ಇನ್ನೊಂದು ಕೋಣೆ ಪಕ್ಕದಲ್ಲೇ ಇದೆಯಲ್ಲ, ಬಲಗಣ್ಣನ್ನು ಅಲ್ಲಿ ತೋರಿಸಬೇಕೋ ಎಂದು ಕೇಳುತ್ತಿದ್ದರು. ಎಲ್ಲವನ್ನೂ ನುಂಗಿಕೊಂಡೆ.

ಮುಂದಿನ ಭಾನುವಾರ ಪ್ರಶಸ್ತಿಗಳು ಘೋಷಣೆಯಾದವು. ಟಿ.ವಿ. ಮುಂದೆ ನಾನು, ಹೆಂಡತಿ. ಅತ್ಯುತ್ತಮ ಚಿತ್ರಕಥೆ, ನನ್ನ ಹತ್ತರ ಪಟ್ಟಿಯಲ್ಲೇ ಇರದಿದ್ದ ಆ ನ್ಯಾಯಾಲಯದ ಸಿನಿಮಾಕ್ಕೆ. ಅತ್ಯುತ್ತಮ ಚಿತ್ರ, ದೋಣಿಯವನ ಸಿನಿಮಾಕ್ಕೆ! ಸೋಫಾದಿಂದ ಎದ್ದೇ ನಿಂತೆ. ಹೋಗಿದ್ದ ಜೀವ ಮರಳಿ ಬಂತು, ಅದರ ಜೊತೆಗೆ ಹಳೆಯ ದನಿಯೂ. ಒಂದೇ ಟಿಕೆಟ್ಟಿನಲ್ಲಿ ಎರಡು ಪ್ರಶಸ್ತಿ ವಿಜೇತ ಸಿನಿಮಾ ನೋಡಿದವನು ಈ ಊರಿನಲ್ಲಿ ಇನ್ಯಾರಿದ್ದಾನೆ, ಕಣ್ಣು ತಪ್ಪಿದರೂ ಒಳಗಣ್ಣು ತಪ್ಪುವುದಿಲ್ಲ ಎಂದೆಲ್ಲ ಅರ್ಧ ಗಂಟೆ ಮಾತಾಡಿದೆ.

ಹೆಂಡತಿ ಟಿ.ವಿ. ಆರಿಸಿದಳು. ದೋಣಿಯವನ ಸಿನಿಮಾ ನಿಜಕ್ಕೂ ಚೆನ್ನಾಗಿತ್ತು, ಕೊನೆಯಲ್ಲಿ ಮೇಕೆಯನ್ನು ನೋಡಿ ಲ್ಯಾಬಿನವರೆಲ್ಲ ಅತ್ತುಬಿಟ್ಟೆವು ಎಂದಳು.

ನಾನು ಕುಳಿತೆ. "ನೀನು ಆ ಸಿನಿಮಾ ನೋಡಿದ್ಯಾ? ಯಾವಾಗ?"

"ಬಿಡುಗಡೆಯಾದ ವಾರಾನೇ. ಎಲ್ರೂ ಒಟ್ಟಿಗೆ ಹೋಗಿದ್ವಿ."

"ಅಂದ್ರೆ ಬುಧವಾರ ನಾನು ತಾಲೀಮು ಮಾಡುವಾಗಲೇ ನಿಂಗೆ ಗೊತ್ತಾಗಿತ್ತು."

"ಮೇಕೆ ಕಲ್ಪನೆಗೆ ಬಿಟ್ಟಿದ್ದು ಅಂದ್ರಲ್ಲ, ಆಗ್ಲೇ."

"ಮತ್ತೆ ಶನಿವಾರದೊಳಗೆ ಒಂದು ಮಾತು ಹೇಳಬಾರದಿತ್ತೇನೇ?"

ಅವಳು ರಿಮೋಟನ್ನು ಮೇಜಿನ ಮೇಲಿಟ್ಟು, ರಕ್ತದ ವರದಿ ಓದುವಷ್ಟೇ ನಿರ್ವಿಕಾರವಾಗಿ ಹೇಳಿದಳು:

"ಹೇಳೋಣ ಅಂತ ಬಾಯಿ ತನಕ ಬಂತು ರೀ. ಆದ್ರೆ ಅಷ್ಟ್ರಲ್ಲಿ ನಮ್ಮ ಲ್ಯಾಬಿನವರಿಗೆಲ್ಲ ಮುಂದಿನ ಸಾಲಲ್ಲಿ ಸೀಟು ಹಿಡಿಸಿಬಿಟ್ಟಿದ್ದೆ."